ಮಗುವಿನ ಹಾಳೆಯ ಮೇಲೆ ನಮ್ಮ ಕೈ

ಶಾಲೆಯ ಪಡಸಾಲೆಯ ಗೋಡೆಯಲ್ಲಿ ಒಂದೇ ಅಳತೆಯ, ಒಂದೇ ಬಣ್ಣದ ಕಾಗದದ ಚಿಟ್ಟೆಗಳು ಸಾಲಾಗಿ ಅಂಟಿಕೊಂಡಿರುವುದು ಕಂಡರೆ ನಾನು ಹತ್ತಿರ ಹೋಗಿ ನೋಡುತ್ತೇನೆ. ರೆಕ್ಕೆಗಳನ್ನು ದೊಡ್ಡವರು ಮೊದಲೇ ಕತ್ತರಿಸಿ ಕೊಟ್ಟಿರುತ್ತಾರೆ. ಚುಕ್ಕಿ ಎಲ್ಲೆಲ್ಲಿ ಬರಬೇಕೆಂದು ಪೆನ್ಸಿಲಿನಲ್ಲಿ ಗುರುತು ಮಾಡಿರುತ್ತಾರೆ. ಮಗುವಿನ ಪಾಲಿಗೆ ಉಳಿಯುವುದು ಅಂಟು ಹಚ್ಚುವ ಕೆಲಸವೊಂದೇ. ಗೋಡೆ ಅಚ್ಚುಕಟ್ಟಾಗಿ ಕಾಣುತ್ತದೆ, ಬಂದವರು ಮೆಚ್ಚುತ್ತಾರೆ. ಆದರೆ ಅಲ್ಲಿ ಯಾವ ಚಿಟ್ಟೆ ಯಾರದು ಎಂಬುದನ್ನು ಹೆಸರು ಓದದೆ ಆ ಮಕ್ಕಳೇ ಹೇಳಲಾರರು.

ನಾನು ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತೇನೆ. ಈ ಕೆಲಸದಲ್ಲಿ ಬಹುಪಾಲು ಕಷ್ಟ ಇರುವುದು ಒಂದೇ ಕಡೆ: ಯಾವಾಗ ಕೈಕಟ್ಟಿ ನಿಲ್ಲಬೇಕು, ಯಾವಾಗ ಪಕ್ಕದಲ್ಲಿ ಕುಳಿತು ಕಲಿಸಬೇಕು ಎಂದು ತೀರ್ಮಾನಿಸುವುದರಲ್ಲಿ. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆರು ವರ್ಷದ ಮಗುವಿನ ಕೈಹಿಡಿದು ತಿದ್ದುತ್ತಾರೆ. ಹತ್ತು ವರ್ಷದ ಮಗು ನಿಜವಾಗಿ ಸಹಾಯ ಬೇಡುವಾಗ, ‘ನಿನಗೆ ತೋಚಿದ್ದನ್ನು ಬಿಡಿಸು’ ಎಂದು ಬಿಟ್ಟುಬಿಡುತ್ತಾರೆ.

ಮೊದಲು ಚಿಕ್ಕವರ ವಿಷಯ. ಆರು ವರ್ಷದ ಮಗು ಮೇಜನ್ನು ಬಿಡಿಸಿದಾಗ ನಾಲ್ಕು ಕಾಲುಗಳೂ ನಾಲ್ಕು ದಿಕ್ಕಿಗೆ ಚಾಚಿಕೊಂಡಿರುತ್ತವೆ. ಮನೆಯ ಗೋಡೆ ಗಾಜಿನದ್ದೋ ಎಂಬಂತೆ ಒಳಗಿನ ಮಂಚ, ಮಂಚದ ಮೇಲೆ ಮಲಗಿದ ಮಗು ಎಲ್ಲವೂ ಕಾಣುತ್ತವೆ. ತಾಯಿ ಮನೆಗಿಂತ ಎತ್ತರ, ಬೆರಳುಗಳು ಕೈಗಿಂತ ಉದ್ದ. ದೊಡ್ಡವರು ಇದನ್ನೆಲ್ಲ ತಪ್ಪುಗಳ ಪಟ್ಟಿಯಾಗಿ ಓದುತ್ತಾರೆ. ಫ್ರಾನ್ಸಿನ ಜಾರ್ಜ್ ಆನ್ರಿ ಲ್ಯೂಕೆ ಎಂಬ ವಿದ್ವಾಂಸರು ತಮ್ಮ ಮಗಳ ಚಿತ್ರಗಳನ್ನು ವರ್ಷಗಟ್ಟಲೆ ಕೂಡಿಟ್ಟು ಅಭ್ಯಾಸ ಮಾಡಿ, ಈ ವಯಸ್ಸಿನ ಮಗು ಕಣ್ಣಿಗೆ ಕಂಡದ್ದನ್ನಲ್ಲ, ತನಗೆ ತಿಳಿದದ್ದನ್ನು ಬಿಡಿಸುತ್ತದೆ ಎಂದು ಕಳೆದ ಶತಮಾನದ ಆರಂಭದಲ್ಲೇ ತೋರಿಸಿಕೊಟ್ಟರು. ಮೇಜಿಗೆ ನಾಲ್ಕು ಕಾಲುಗಳಿವೆ ಎಂಬುದು ಮಗುವಿಗೆ ಗೊತ್ತು. ನಿಂತ ಜಾಗದಿಂದ ಎರಡೇ ಕಾಣುತ್ತವೆ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು 1972ರಲ್ಲಿ ಫ್ರೀಮನ್ ಮತ್ತು ಜಾನಿಕೌನ್ ಎಂಬ ಇಬ್ಬರು ಸಂಶೋಧಕರು ಸರಳವಾದೊಂದು ಪ್ರಯೋಗದಲ್ಲಿ ಪರೀಕ್ಷಿಸಿದರು. ಹಿಡಿಯಿರುವ ಒಂದು ಬಟ್ಟಲನ್ನು, ಹಿಡಿ ಹಿಂದಕ್ಕೆ ಹೋಗಿ ಕಾಣದಂತೆ, ಅದರ ಮೇಲಿನ ಹೂವಿನ ಚಿತ್ರ ಮಾತ್ರ ಎದುರಿಗೆ ಕಾಣುವಂತೆ ಇಟ್ಟು, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಕಂಡಂತೆ ಬಿಡಿಸಲು ಹೇಳಿದರು. ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರು ಕಾಣದ ಹಿಡಿಯನ್ನು ಬಿಡಿಸಿ, ಕಾಣುವ ಹೂವನ್ನು ಬಿಟ್ಟರು. ಸುಮಾರು ಎಂಟು ವರ್ಷ ದಾಟಿದವರು ಹೂವನ್ನು ಬಿಡಿಸಿ ಹಿಡಿಯನ್ನು ಬಿಟ್ಟರು. ನಾನು ಇದನ್ನು ಪೋಷಕರಿಗೆ ಆಗಾಗ ಹೇಳುತ್ತೇನೆ. ಹಿಡಿ ಇಲ್ಲದೆ ಅದು ಬಟ್ಟಲೇ ಅಲ್ಲ ಎಂಬುದು ಆರರ ಮಗುವಿನ ತೀರ್ಪು, ಮತ್ತು ಆ ತೀರ್ಪಿನಲ್ಲಿ ತರ್ಕವಿದೆ.

ಏಳೆಂಟು ವರ್ಷದವರ ಚಿತ್ರದಲ್ಲಿ ಹಾಳೆಯ ಕೆಳಗೆ ನೆಲದ ಗೆರೆ, ಮೇಲೆ ನೀಲಿ ಪಟ್ಟಿಯ ಆಕಾಶ, ನಡುವೆ ಬಿಳಿಯ ಖಾಲಿ ಜಾಗ ಇರುತ್ತದೆ. ‘ಆಕಾಶ ನೆಲದವರೆಗೂ ಬರುತ್ತದಲ್ಲ, ಅಲ್ಲಿಗೂ ನೀಲಿ ತುಂಬು’ ಎಂದು ಹೇಳುವ ಆಸೆ ಯಾರಿಗಾದರೂ ಆಗುತ್ತದೆ. ಒಮ್ಮೆ ಒಬ್ಬ ಹುಡುಗಿಯನ್ನು ನಡುವಿನ ಬಿಳಿ ಏನೆಂದು ಕೇಳಿದೆ. ‘ಅದು ಗಾಳಿ, ಟೀಚರ್. ಗಾಳಿಗೆ ಬಣ್ಣ ಇಲ್ಲ’ ಎಂದಳು. ತಲೆಯ ಮೇಲೆ ಆಕಾಶ, ಕಾಲ ಕೆಳಗೆ ನೆಲ, ನಡುವೆ ನಾವು ಓಡಾಡುವ ಗಾಳಿ. ಇಷ್ಟು ಕ್ರಮಬದ್ಧವಾಗಿ ಜಗತ್ತನ್ನು ಜೋಡಿಸಿಟ್ಟುಕೊಂಡವಳಿಗೆ ನೀಲಿ ತುಂಬು ಎಂದು ಹೇಳಲು ನನಗೆ ಯಾವ ಅಧಿಕಾರವೂ ಕಾಣಲಿಲ್ಲ.

ಹಾಗಾಗಿ ಮಗುವಿನ ಹಾಳೆಯ ಮೇಲೆ ನಾನು ಗೆರೆ ಎಳೆಯುವುದಿಲ್ಲ. ತೋರಿಸಲೇಬೇಕಾದರೆ ಬೇರೆ ಹಾಳೆ ತೆಗೆದುಕೊಂಡು ಅದರಲ್ಲಿ ತೋರಿಸಿ, ತೋರಿಸಿದ ಹಾಳೆಯನ್ನು ಅಲ್ಲೇ ಬಿಡದೆ ತೆಗೆದಿಡುತ್ತೇನೆ. ಬಿಟ್ಟರೆ ಮುಂದಿನ ಅರ್ಧ ಗಂಟೆ ಇಡೀ ತರಗತಿ ಅದನ್ನೇ ನಕಲು ಮಾಡುತ್ತದೆ. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಮನೆ, ಪಕ್ಕದಲ್ಲಿ ಮರ, ಹಕ್ಕಿಗಳ ಬದಲು ಒಂದಷ್ಟು ಸರಿಗುರುತುಗಳು: ಈ ಚಿತ್ರವನ್ನು ಯಾವ ಮಗುವೂ ತಾನಾಗಿ ಕಂಡುಹಿಡಿದಿಲ್ಲ. ಯಾರೋ ದೊಡ್ಡವರು ಪ್ರೀತಿಯಿಂದಲೇ ಬಿಡಿಸಿ ತೋರಿಸಿರುತ್ತಾರೆ. ಒಮ್ಮೆ ಕೈಗೆ ಅಂಟಿದರೆ ವರ್ಷಗಟ್ಟಲೆ ಬಿಡುವುದಿಲ್ಲ. ಬೆಟ್ಟವನ್ನೇ ಕಂಡಿರದ ಮಕ್ಕಳೂ ಇದನ್ನೇ ಬಿಡಿಸುತ್ತಾರೆ.

ಹಾಗಾದರೆ ಚಿಕ್ಕ ತರಗತಿಯಲ್ಲಿ ಶಿಕ್ಷಕರಿಗೆ ಕೆಲಸವೇ ಇಲ್ಲವೇ? ಬೇಕಾದಷ್ಟಿದೆ, ಆದರೆ ಅದು ಸಾಮಗ್ರಿಯ ಕಡೆಗಿದೆ. ಏನು ಬಿಡಿಸಬೇಕೆಂಬುದು ಮಗುವಿಗೆ ಗೊತ್ತು. ಬ್ರಷ್ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಗೊತ್ತಿಲ್ಲ. ಕೂದಲನ್ನು ಹಾಳೆಗೆ ಒತ್ತಿ ಮುಂದಕ್ಕೆ ತಳ್ಳಿದರೆ ಅದು ಕೆದರುತ್ತದೆ, ಹಿಂದಕ್ಕೆ ಎಳೆದರೆ ಗೆರೆ ಮೂಡುತ್ತದೆ. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವ ಮೊದಲು ತೊಳೆದು, ಬಟ್ಟೆಗೆ ಒತ್ತಿ ನೀರು ತೆಗೆಯಬೇಕು. ಒದ್ದೆ ಬಣ್ಣದ ಪಕ್ಕಕ್ಕೆ ಒದ್ದೆ ಬಣ್ಣ ಇಟ್ಟರೆ ಎರಡೂ ಒಂದರೊಳಗೊಂದು ಹರಿಯುತ್ತವೆ, ಹರಿಯಬಾರದೆಂದರೆ ಒಣಗುವವರೆಗೆ ಕಾಯಬೇಕು. ಮೇಣದ ಕ್ರೆಯಾನಿನಿಂದ ಗಟ್ಟಿಯಾಗಿ ಗೀಚಿ ಅದರ ಮೇಲೆ ನೀರಾದ ಬಣ್ಣ ಹಾಯಿಸಿದರೆ ಗೀಚಿದ ಜಾಗದಿಂದ ಬಣ್ಣ ಸರಿದು ನಿಲ್ಲುತ್ತದೆ. ಬಿಳಿ ಕ್ರೆಯಾನಿನಲ್ಲಿ ಇದನ್ನು ಮಾಡಿಸಿದ ದಿನ ತರಗತಿಯಲ್ಲಿ ಏಳುವ ಉದ್ಗಾರ ಪಕ್ಕದ ಕೋಣೆಗೂ ಕೇಳುತ್ತದೆ. ಮೇಣ ಮತ್ತು ನೀರು ಸೇರುವುದಿಲ್ಲ ಎಂಬುದನ್ನು ಅವರು ಅಂದು ಕೈಯಿಂದ ಕಲಿತಿರುತ್ತಾರೆ.

ಬಣ್ಣ ಬೆರೆಸುವುದಕ್ಕಂತೂ ನಾನು ವಾರಗಳನ್ನೇ ಕೊಡುತ್ತೇನೆ. ಮೊದಲ ದಿನಗಳಲ್ಲಿ ಹಸಿರು, ಕಿತ್ತಳೆ, ನೇರಳೆಯ ಡಬ್ಬಗಳನ್ನು ಹೊರಗೆ ತೆಗೆಯುವುದೇ ಇಲ್ಲ. ಹಳದಿ, ಕೆಂಪು, ನೀಲಿ, ಬಿಳಿ, ಇಷ್ಟೇ. ಹಳದಿಯ ಮುದ್ದೆಗೆ ಬ್ರಷ್ಷಿನ ತುದಿಯಷ್ಟು ನೀಲಿ ತಾಕಿಸು ಎಂದು ಹೇಳುತ್ತೇನೆ. ಮೊದಲು ಅಡರಿಕೊಂಡ ಎರಡು ಎಳೆಗಳು ಕಾಣುತ್ತವೆ, ಎರಡು ಸುತ್ತು ತಿರುಗಿಸಿದ ಮೇಲೆ ಚಿಗುರಿನ ಹಸಿರು, ಇನ್ನೊಂದು ಹನಿಗೆ ಎಲೆಯ ಹಸಿರು, ಮತ್ತೊಂದಕ್ಕೆ ಕಾಡಿನ ಹಸಿರು. ಗಾಢವನ್ನು ತಿಳಿಗೆ ಸೇರಿಸಬೇಕು; ತಿಳಿಯನ್ನು ಗಾಢಕ್ಕೆ ಸೇರಿಸಲು ಹೊರಟರೆ ಹಳದಿಯ ಡಬ್ಬವೆಲ್ಲ ಖಾಲಿಯಾದರೂ ನೀಲಿ ಜಗ್ಗುವುದಿಲ್ಲ. ಕೆಂಪು ನೀಲಿ ಬೆರೆಸಿದರೆ ನೇರಳೆ ಎಂದು ಪುಸ್ತಕದಲ್ಲಿದೆ, ಆದರೆ ಕೈಯಲ್ಲಿರುವ ಕೆಂಪು ಕಿತ್ತಳೆಯತ್ತ ವಾಲಿದ್ದರೆ ಬರುವುದು ಮಂಕು ಕಂದು. ಆ ಕೆಂಪಿನಲ್ಲಿ ಆಗಲೇ ಹಳದಿ ಅಡಗಿರುತ್ತದೆ. ಗುಲಾಬಿಯತ್ತ ವಾಲುವ ಕೆಂಪು ತಂದುಕೊಟ್ಟರೆ ನೇರಳೆ ಬರುತ್ತದೆ. ಈ ಸಂಗತಿ ತಿಳಿಯದೆ ‘ನಾನು ಬೆರೆಸಿದ್ದು ಸರಿಯಿಲ್ಲ’ ಎಂದುಕೊಂಡ ಮಕ್ಕಳು ಎಷ್ಟು ಜನರೋ.

ಎಲ್ಲವನ್ನೂ ಕಲಸಿ ಕೆಸರಿನ ಬಣ್ಣ ಮಾಡಿಕೊಳ್ಳುವ ಮಕ್ಕಳೂ ಇರುತ್ತಾರೆ, ಇರಲಿ. ಯಾವುದರಿಂದ ಆ ಕೆಸರು ಬಂತೆಂದು ಅವರು ಮುಂದೆ ತಾವೇ ಪತ್ತೆ ಮಾಡುತ್ತಾರೆ.

ಬೆರೆಸುವ ಪಾಠ ಮೈಬಣ್ಣಕ್ಕೆ ಬಂದಾಗ ಅದು ಬರೀ ಬಣ್ಣದ ಪಾಠವಾಗಿ ಉಳಿಯುವುದಿಲ್ಲ. ಪೆಟ್ಟಿಗೆಯಲ್ಲಿರುವ ತಿಳಿ ಗುಲಾಬಿ ಕ್ರೆಯಾನನ್ನು ಎತ್ತಿಹಿಡಿದು ‘ಇದು ಮೈಬಣ್ಣ’ ಎನ್ನುವ ಮಗುವನ್ನು ಪ್ರತಿ ತರಗತಿಯಲ್ಲೂ ಕಾಣುತ್ತೇನೆ. ಕ್ರೆಯೋಲಾ ಕಂಪನಿ ಅಂಥದ್ದೊಂದು ಕ್ರೆಯಾನಿಗೆ ಮೊದಲು ‘ಫ್ಲೆಶ್’, ಅಂದರೆ ಮೈಬಣ್ಣ ಎಂಬ ಹೆಸರನ್ನೇ ಇಟ್ಟಿತ್ತು. 1962ರಲ್ಲಿ ಅದನ್ನು ‘ಪೀಚ್’ ಎಂದು ಬದಲಿಸಿತು. ಹೆಸರು ಹೋದರೂ ಆ ಕಲ್ಪನೆ ಮಕ್ಕಳ ಬಾಯಲ್ಲಿ ಉಳಿದಿದೆ. ನಾನು ಆ ದಿನ ಕ್ರೆಯಾನನ್ನು ಬದಿಗಿಟ್ಟು, ಎಲ್ಲರೂ ತಮ್ಮ ಮುಂಗೈಯನ್ನು ಹಾಳೆಯ ಪಕ್ಕದಲ್ಲಿಟ್ಟುಕೊಂಡು ಅದೇ ಬಣ್ಣ ಬರುವವರೆಗೆ ಬೆರೆಸಲು ಹೇಳುತ್ತೇನೆ. ಹಳದಿ, ಕೆಂಪು, ಚೂರು ನೀಲಿ, ಬೇಕಾದರೆ ಬಿಳಿ. ಎಲ್ಲರ ತಟ್ಟೆಯಲ್ಲೂ ಇರುವುದು ಅವೇ ಬಣ್ಣಗಳು. ಬದಲಾಗುವುದು ಪ್ರಮಾಣ ಮಾತ್ರ. ಇದನ್ನು ನಾನು ಬಾಯಿಬಿಟ್ಟು ಹೇಳುವ ಮೊದಲೇ ಯಾರಾದರೊಬ್ಬರು ಗಮನಿಸಿ ಕೂಗುತ್ತಾರೆ.

ರಬ್ಬರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿಕ್ಕವರ ತರಗತಿಯಲ್ಲಿ ಅದನ್ನು ನಾನು ಕೊಡುವುದಿಲ್ಲ. ಕೊಟ್ಟರೆ ಚಿತ್ರಕ್ಕಿಂತ ಉಜ್ಜುವುದೇ ಹೆಚ್ಚಾಗುತ್ತದೆ.

ಮಾತಿನ ಬಗ್ಗೆ ಮಾತ್ರ ಹೇಳಲೇಬೇಕು. ಮಗು ಚಿತ್ರ ತಂದು ತೋರಿಸಿದಾಗ ನಮ್ಮ ಬಾಯಿಗೆ ಮೊದಲು ಬರುವುದು ‘ತುಂಬಾ ಚೆನ್ನಾಗಿದೆ’. ಎಲ್ಲರಿಗೂ ಅದನ್ನೇ ಹೇಳುತ್ತೇವೆ ಎಂಬುದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ‘ಇದೇನು?’ ಎಂದು ಕೇಳುವುದು ಇನ್ನೂ ಕೆಟ್ಟದ್ದು, ಏಕೆಂದರೆ ಗುರುತು ಸಿಗಲಿಲ್ಲ ಎಂದು ನೇರವಾಗಿ ಹೇಳಿದಂತಾಗುತ್ತದೆ. ನಾನು ಕಂಡದ್ದನ್ನು ಹೇಳುತ್ತೇನೆ: ‘ಈ ಮೂಲೆಯಲ್ಲಿ ಗೆರೆಗಳನ್ನು ತುಂಬಾ ಹತ್ತಿರ ಹತ್ತಿರ ಎಳೆದಿದ್ದೀಯ, ಇಲ್ಲಿ ದೂರ ಬಿಟ್ಟಿದ್ದೀಯ.’ ಅಷ್ಟು ಸಾಕು. ಉಳಿದ ಕಥೆಯನ್ನು ಮಗುವೇ ಹೇಳುತ್ತದೆ, ಹೇಳದಿದ್ದರೂ ತೊಂದರೆಯಿಲ್ಲ.

ಬಹುಮಾನ, ನಕ್ಷತ್ರದ ಚೀಟಿ, ಅಂಕ ಇವುಗಳ ವಿಷಯದಲ್ಲಿ ನಾನು ಹಟಮಾರಿ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬಿಡಿಸುವುದರಲ್ಲಿ ಮೊದಲೇ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಕೆಲವರಿಗೆ, ಚಿತ್ರ ಬಿಡಿಸಿದರೆ ನಕ್ಷತ್ರವೂ ರಿಬ್ಬನ್ನೂ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಕೆಲವು ದಿನಗಳ ನಂತರ ಅದೇ ಮಾರ್ಕರುಗಳನ್ನು ಆಟದ ಹೊತ್ತಿನಲ್ಲಿ ಸುಮ್ಮನೆ ಇಟ್ಟಾಗ, ಬಹುಮಾನದ ಮಾತು ಕೇಳಿ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಗಣನೀಯವಾಗಿ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಅವರು ಬಹುಮಾನಕ್ಕಾಗಿ ಬಿಡಿಸಿದ್ದ ಚಿತ್ರಗಳ ಗುಣಮಟ್ಟವೂ ಕಡಿಮೆಯಾಗಿತ್ತು. ಸ್ಪರ್ಧೆ ನಡೆಸೋಣ, ಉತ್ತೇಜನ ಸಿಗುತ್ತದೆ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಈ ಮಕ್ಕಳು ನೆನಪಾಗುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಎಂಟರ ಒಳಗಿನವರ ಮಾತು. ಒಂಬತ್ತಕ್ಕೆ ಕಾಲಿಟ್ಟ ಮೇಲೆ ತರಗತಿಯ ಹವೆಯೇ ಬೇರೆ. ಹಾಳೆಯ ಮೇಲೆ ಮೊಣಕೈ ಬಂದು ಕೂರುತ್ತದೆ, ಪಕ್ಕದವರಿಗೆ ಕಾಣದಿರಲಿ ಎಂದು. ಚಿತ್ರಗಳು ಚಿಕ್ಕದಾಗುತ್ತವೆ, ಹಾಳೆಯ ಒಂದು ಮೂಲೆ ಸೇರುತ್ತವೆ. ಕೈಗಳನ್ನು ಬಿಡಿಸಲು ಬಾರದೆ ಎಲ್ಲರ ಕೈಗಳೂ ಬೆನ್ನ ಹಿಂದೆ ಅಡಗುತ್ತವೆ. ಹಿಂದಿನ ವರ್ಷ ಹಾಳೆ ಸಾಲದೆ ಮೇಜಿನ ಮೇಲೂ ಬಿಡಿಸಿದ್ದ ಹುಡುಗ ‘ನನಗೆ ಚಿತ್ರ ಬರುವುದಿಲ್ಲ, ಟೀಚರ್’ ಎನ್ನುತ್ತಾನೆ. ಕಲಾಶಿಕ್ಷಣದ ಚಿಂತಕ ವಿಕ್ಟರ್ ಲೋವನ್‌ಫೆಲ್ಡ್ 1947ರಲ್ಲಿ ಮಕ್ಕಳ ಚಿತ್ರದ ಹಂತಗಳನ್ನು ವಿವರಿಸಿದಾಗ, ಒಂಬತ್ತರ ಆಸುಪಾಸಿನಲ್ಲಿ ಮಗು ವಾಸ್ತವದ ಹೋಲಿಕೆಯನ್ನು ಬಯಸತೊಡಗುತ್ತದೆ ಎಂದು ಗುರುತಿಸಿದ್ದರು. ಮಗುವಿನ ಕಣ್ಣು ಮುಂದೆ ಓಡಿರುತ್ತದೆ, ಕೈ ಹಿಂದೆ ಉಳಿದಿರುತ್ತದೆ. ತಾನು ಬಿಡಿಸಿದ ಕುದುರೆ ಕುದುರೆಯಂತಿಲ್ಲ ಎಂಬುದು ಅದಕ್ಕೆ ಮೊದಲ ಬಾರಿ ಕಾಣುತ್ತದೆ.

ಚಿತ್ರ ಬಿಡಿಸುವುದನ್ನು ಬಿಟ್ಟುಬಿಟ್ಟ ದೊಡ್ಡವರನ್ನು ಯಾವಾಗ ಬಿಟ್ಟಿರಿ ಎಂದು ಕೇಳಿ ನೋಡಿ. ಬಹಳ ಮಂದಿ ಈ ವಯಸ್ಸನ್ನೇ ಹೇಳುತ್ತಾರೆ.

ಇಲ್ಲಿ ‘ನಿನ್ನ ಮನಸ್ಸಿಗೆ ಬಂದಂತೆ ಬಿಡಿಸು, ಕಲೆಯಲ್ಲಿ ತಪ್ಪೆಂಬುದಿಲ್ಲ’ ಎನ್ನುವುದು ದಯೆಯಲ್ಲ. ಮಗು ಕೇಳುತ್ತಿರುವುದು ಸಮಾಧಾನವನ್ನಲ್ಲ, ದಾರಿಯನ್ನು. 1897ರಲ್ಲಿ ವಿಯೆನ್ನಾದಲ್ಲಿ ಮಕ್ಕಳಿಗಾಗಿ ಕಲಾ ತರಗತಿ ತೆರೆದ ಫ್ರಾಂಟ್ಸ್ ಚಿಝೆಕ್ ಅವರನ್ನು ನಾನು ಬಹಳ ಗೌರವಿಸುತ್ತೇನೆ. ದೊಡ್ಡವರ ಮಾದರಿಗಳನ್ನು ಮಕ್ಕಳ ಮೇಲೆ ಹೇರಬೇಡಿ, ಅವರು ತಮ್ಮಷ್ಟಕ್ಕೆ ಬೆಳೆಯಲಿ ಎಂದು, ಶಾಲೆಗಳಲ್ಲಿ ಅಳತೆಗೋಲಿಟ್ಟು ನಕಲು ಮಾಡಿಸುತ್ತಿದ್ದ ಕಾಲದಲ್ಲಿ, ಗಟ್ಟಿಯಾಗಿ ಹೇಳಿದವರು ಅವರು. ಮಕ್ಕಳ ಚಿತ್ರವನ್ನು ಕಲೆಯೆಂದು ನೋಡಲು ಜಗತ್ತಿಗೆ ಕಲಿಸಿದವರಲ್ಲಿ ಅವರು ಮೊದಲಿಗರು. ಆದರೂ ಅವರ ತರಗತಿಯಿಂದ ಬಂದ ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಅಲಂಕಾರದ ಒಂದು ಶೈಲಿ ಹಲವರ ಕೈಯಲ್ಲಿ ಕಾಣುತ್ತದೆ. ಕೋಣೆಯಲ್ಲಿ ಶಿಕ್ಷಕರಿದ್ದ ಮೇಲೆ ಅವರ ಅಭಿರುಚಿ ಇದ್ದೇ ಇರುತ್ತದೆ. ಅದು ಇಲ್ಲವೆಂದು ನಟಿಸುವುದಕ್ಕಿಂತ, ಕಲಿಸಬಹುದಾದದ್ದನ್ನು ನೇರವಾಗಿ ಕಲಿಸುವುದು ಪ್ರಾಮಾಣಿಕ ಎಂದು ನನಗನಿಸುತ್ತದೆ.

ಕಲಿಸಬಹುದಾದದ್ದು ನೋಡುವುದನ್ನು. ಮುಖ ಬಿಡಿಸುವಾಗ ಎಲ್ಲರೂ ಕಣ್ಣನ್ನು ಹಣೆಯ ಜಾಗದಲ್ಲಿಡುತ್ತಾರೆ. ಮಕ್ಕಳಷ್ಟೇ ಅಲ್ಲ, ಕಲಿಯದ ದೊಡ್ಡವರೂ ಹಾಗೆಯೇ. ನಮ್ಮ ಗಮನವೆಲ್ಲ ಕಣ್ಣು, ಮೂಗು, ಬಾಯಿಯ ಮೇಲಿರುವುದರಿಂದ ಅವುಗಳ ಮೇಲಿರುವ ಹಣೆಯೂ ತಲೆಯೂ ಲೆಕ್ಕದಿಂದ ಬಿಟ್ಟುಹೋಗುತ್ತವೆ. ನಾನು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಪೆನ್ಸಿಲಿನಿಂದ ಅಳೆಯಲು ಹೇಳುತ್ತೇನೆ. ಒಂದು ಕಣ್ಣು ಮುಚ್ಚಿ, ತೋಳನ್ನು ಮಡಿಸದೆ ಮುಂದೆ ಚಾಚಿ, ಪೆನ್ಸಿಲಿನ ತುದಿಯನ್ನು ಗೆಳತಿಯ ನೆತ್ತಿಗೆ ಹೊಂದಿಸಿ, ಹೆಬ್ಬೆರಳನ್ನು ಕಣ್ಣಿನ ಗೆರೆಯವರೆಗೆ ಜಾರಿಸಬೇಕು. ಆ ಅಳತೆಯನ್ನು ಕದಲಿಸದೆ ಕಣ್ಣಿನಿಂದ ಗಲ್ಲದವರೆಗೆ ಇಟ್ಟು ನೋಡಬೇಕು. ಹೆಚ್ಚು ಕಡಿಮೆ ಸಮ. ಕಣ್ಣುಗಳು ತಲೆಯ ನಟ್ಟನಡುವೆ ಇವೆ. ಯಾರೂ ನಂಬುವುದಿಲ್ಲ. ಮತ್ತೆ ಅಳೆಯುತ್ತಾರೆ, ಜೋಡಿ ಬದಲಿಸಿ ಅಳೆಯುತ್ತಾರೆ, ಬಂದು ನನ್ನ ತಲೆಯನ್ನೂ ಅಳೆಯುತ್ತಾರೆ. ಆಮೇಲೆ ಹಾಳೆಗೆ ಹೋಗಿ ಮೊಟ್ಟೆಯಾಕಾರದ ನಡುವೆ ಒಂದು ತೆಳು ಗೆರೆ ಎಳೆದು ಕಣ್ಣುಗಳನ್ನು ಅದರ ಮೇಲೆ ಕೂರಿಸಿದಾಗ, ಮುಖ ಮುಖವಾಗುತ್ತದೆ. ಇನ್ನೂ ಅಂದವಾಗಿರುವುದಿಲ್ಲ, ಆದರೆ ಮನುಷ್ಯರದ್ದಾಗಿರುತ್ತದೆ. ‘ನನಗೆ ಬರುವುದಿಲ್ಲ’ ಎಂದಿದ್ದವರು ತಲೆ ಎತ್ತುವ ಗಳಿಗೆ ಅದು.

ಇನ್ನೊಂದು ದಿನ ತಮ್ಮದೇ ಒಂದು ಷೂ ಕಳಚಿ ಮೇಜಿನ ಮೇಲಿಡಲು ಹೇಳುತ್ತೇನೆ. ಹಾಳೆಯನ್ನು ನೋಡಬಾರದು, ಪೆನ್ಸಿಲ್ ಎತ್ತಬಾರದು. ಷೂವಿನ ಅಂಚಿನ ಮೇಲೆ ಇರುವೆಯೊಂದು ನಡೆಯುತ್ತಿದೆ ಎಂದುಕೊಂಡು, ಅದರ ಜೊತೆಯಲ್ಲೇ ಕಣ್ಣೂ ಕೈಯೂ ಸಾಗಬೇಕು. ಬರುವ ಚಿತ್ರ ಷೂವಿನಂತಿರುವುದಿಲ್ಲ, ಗೆರೆಗಳು ಸೇರಬೇಕಾದಲ್ಲಿ ಸೇರಿರುವುದಿಲ್ಲ. ಆದರೆ ಹಿಮ್ಮಡಿ ಸವೆದ ಜಾಗ, ಲೇಸಿನ ತುದಿ ಬಿಚ್ಚಿಕೊಂಡ ಎಳೆಗಳು, ಬೆರಳು ಒತ್ತಿ ಉಬ್ಬಿದ ಮುಂಭಾಗ ಅಲ್ಲಿರುತ್ತವೆ. ಯಾರ ಷೂ ಯಾವುದು ಎಂದು ಗೋಡೆಗೆ ಹಚ್ಚಿದ ಮೇಲೆ ಎಲ್ಲರೂ ಗುರುತಿಸುತ್ತಾರೆ. ಕುರ್ಚಿಯನ್ನು ಬಿಡಿಸುವ ಬದಲು ಕುರ್ಚಿಯ ಕಾಲುಗಳ ನಡುವಿನ ಖಾಲಿ ಜಾಗಗಳನ್ನು ಮಾತ್ರ ಬಿಡಿಸಲು ಹೇಳುವುದೂ ಇದೇ ಬಗೆಯ ಪಾಠ. ಕುರ್ಚಿ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು, ಅದರ ಸಂದಿಗಳು ಹೇಗಿರುತ್ತವೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನೋಡಿಯೇ ಬಿಡಿಸಬೇಕು.

ಸ್ವಾತಂತ್ರ್ಯ ಮತ್ತು ಶಿಸ್ತು ಒಂದಕ್ಕೊಂದು ವಿರೋಧವೆಂಬ ವಾದ ಕೇಳಿದಾಗ ನನಗೆ ಫ್ರೀಡಲ್ ಡಿಕರ್ ಬ್ರಾಂಡೈಸ್ ನೆನಪಾಗುತ್ತಾರೆ. ವೈಮಾರ್ ನಗರದ ಬೌಹೌಸ್ ಕಲಾಶಾಲೆಯಲ್ಲಿ ಯೋಹಾನೆಸ್ ಇಟ್ಟನ್ ಅವರಿಂದ ಕಲಿತ ಕಲಾವಿದೆ. 1942ರ ಡಿಸೆಂಬರಿನಲ್ಲಿ ನಾತ್ಸಿಗಳು ಅವರನ್ನು ತೆರೆಜಿನ್ ಬಂದೀಖಾನೆಗೆ ಸಾಗಿಸಿದರು. ಅಲ್ಲಿ ಅವರು ತಂದೆತಾಯಿಯರಿಂದ ಬೇರೆಯಾಗಿ ಬದುಕುತ್ತಿದ್ದ ಮಕ್ಕಳಿಗೆ, ಬಳಸಿ ಬಿಟ್ಟ ಕಚೇರಿಯ ಕಾಗದದ ಹಿಂಬದಿಯಲ್ಲಿ, ಚಿತ್ರಕಲೆ ಕಲಿಸಿದರು. ಅಂಥ ಜಾಗದಲ್ಲಿ ಮಕ್ಕಳಿಗೆ ಒಂದಿಷ್ಟು ಹೊತ್ತು ಕಳೆದರೆ ಸಾಕೆಂದು ಅವರು ಅಂದುಕೊಳ್ಳಲಿಲ್ಲ. ಲಯದ ಅಭ್ಯಾಸ, ಬೆಳಕು ನೆರಳಿನ ಅಭ್ಯಾಸ, ಕಾಗದ ಹರಿದು ಅಂಟಿಸುವ ಕೊಲಾಜ್, ಹಿಂದಿನ ಕಲಾವಿದರ ಚಿತ್ರಗಳ ಅಭ್ಯಾಸ, ಎಲ್ಲವನ್ನೂ ತಾವು ಕಲಿತ ಕ್ರಮದಲ್ಲೇ ಕಲಿಸಿದರು. ಪ್ರತಿ ಚಿತ್ರಕ್ಕೂ ಮಗು ತನ್ನ ಹೆಸರನ್ನು ಬರೆಯಬೇಕೆಂದು ಒತ್ತಾಯಿಸುತ್ತಿದ್ದರು. ಹೊರಗೆ ಆ ಮಕ್ಕಳನ್ನು ಸಂಖ್ಯೆಗಳಿಂದ ಗುರುತಿಸುತ್ತಿದ್ದ ಕಾಲ ಅದು. 1944ರ ಅಕ್ಟೋಬರಿನಲ್ಲಿ ಅವರನ್ನು ಆಶ್ವಿಟ್ಸ್‌ಗೆ ಕಳುಹಿಸಿ ಕೊಂದರು. ಚಿತ್ರ ಬಿಡಿಸಿದ ಮಕ್ಕಳಲ್ಲಿ ಬಹುತೇಕರನ್ನೂ ಕೊಂದರು. ಎರಡು ಸೂಟ್‌ಕೇಸುಗಳಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಉಳಿದವು, ಈಗ ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ.

ಅವರ ಕಾಲದ ಕಷ್ಟವನ್ನು ನಮ್ಮ ಕಷ್ಟದ ಪಕ್ಕದಲ್ಲಿ ಇಡುವ ಧೈರ್ಯ ನನಗಿಲ್ಲ. ಅವರಿಂದ ಕಲಿತದ್ದು ಎರಡು ವಿಷಯ. ಕ್ರಮವಾಗಿ ಕಲಿಸಿದರೆ ಮಗುವಿನ ಕೈಬರಹ ಅಳಿಸಿಹೋಗುವುದಿಲ್ಲ, ಆ ಚಿತ್ರಗಳಲ್ಲಿ ಒಂದು ಇನ್ನೊಂದರಂತಿಲ್ಲ. ಮತ್ತು ಹೆಸರು. ನನ್ನ ತರಗತಿಯಲ್ಲಿ ಹೆಸರನ್ನು ಮಗುವೇ ಬರೆಯುತ್ತದೆ, ಹಾಳೆಯ ಹಿಂದೆ ತಾರೀಖಿನ ಜೊತೆ. ಮುಂದೆ ಬೇಕೆಂದರೆ ಮುಂದೆಯೂ. ಒಂದನೆಯ ತರಗತಿಯ ಹಾಳೆಗಳನ್ನು ಕಡತದಲ್ಲಿಟ್ಟು ಐದನೆಯ ತರಗತಿಯ ಕೊನೆಯಲ್ಲಿ ಮಕ್ಕಳ ಕೈಗೇ ಕೊಡುತ್ತೇನೆ.

ಇದಕ್ಕೆಲ್ಲ ಬೇಕಾದದ್ದು ಸಮಯ, ಮತ್ತು ಜಗಳ ಬರುವುದು ಅಲ್ಲಿ. ವಾರಕ್ಕೊಂದು ಪೀರಿಯಡ್ಡಿನಲ್ಲಿ ಬಣ್ಣ ಹಂಚುವುದಕ್ಕೂ ಬ್ರಷ್ ತೊಳೆಯುವುದಕ್ಕೂ ಅರ್ಧ ಹೊತ್ತು ಹೋಗುತ್ತದೆ. ಎರಡು ಪೀರಿಯಡ್ ಒಟ್ಟಿಗೆ ಕೊಡಿ ಎಂದು ಪ್ರತಿ ವರ್ಷ ವೇಳಾಪಟ್ಟಿ ಹಾಕುವಾಗ ಕೇಳುತ್ತೇನೆ. ಹಾಳೆ ಒಣಹಾಕಲು ಒಂದು ತಂತಿ, ನೀರಿಗೆ ಹತ್ತಿರದ ಕೋಣೆ, ಇವೂ ಬೇಕು. ಪರೀಕ್ಷೆ ಬಂತೆಂದು ನಮ್ಮ ಅವಧಿಯನ್ನು ಗಣಿತಕ್ಕೋ ಭಾಷೆಗೋ ಬಿಟ್ಟುಕೊಡಲು ಹೇಳಿದಾಗ ನಾನು ಒಪ್ಪುವುದಿಲ್ಲ. ಎಲ್ಲ ತರಗತಿಗಳಿಗೂ ಎರಡು ಪೀರಿಯಡ್ ಸಿಗದಿದ್ದರೆ ಮೊದಲು ನಾಲ್ಕು ಮತ್ತು ಐದನೆಯ ತರಗತಿಗೆ ಕೊಡಿ ಎನ್ನುತ್ತೇನೆ. ಒಂದನೆಯ ತರಗತಿಯ ಮಕ್ಕಳು ಹಾಳೆ ಸಿಕ್ಕಿದಲ್ಲಿ, ಸಿಗದಿದ್ದರೆ ನೆಲದ ಮೇಲೆ, ಹೇಗೂ ಬಿಡಿಸುತ್ತಾರೆ. ಪೆನ್ಸಿಲ್ ಕೆಳಗಿಡಲು ಹೊರಟಿರುವವರು ದೊಡ್ಡ ತರಗತಿಯ ಮಕ್ಕಳು.